ಅಮ್ಮನ ಹವಳ

ಅಮ್ಮನ ಸರದಲ್ಲಿ ಚಿನ್ನದ ಗುಂಡುಗಳ ನಡುವೆ ಹನ್ನೊಂದು ಹವಳಗಳಿದ್ದವು. ಅವಳು ತೀರಿಕೊಂಡ ಮೇಲೆ ಸರ ನನ್ನ ಪಾಲಿಗೆ ಬಂತು. ಮಗಳ ಮದುವೆಗೆ ಕೊಡೋಣವೆಂದುಕೊಂಡು, ಗುಂಡುಗಳ ಕೊಳೆ ಬಿಡಲೆಂದು ಇಡೀ ಸರವನ್ನೇ ಒಂದು ರಾತ್ರಿ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಗುಂಡುಗಳು ಥಳಥಳ ಹೊಳೆಯುತ್ತಿದ್ದವು. ಹವಳಗಳು ಮಾತ್ರ ಸುಣ್ಣ ಬಳಿದಂತೆ ಮಂಕಾಗಿದ್ದವು. ಹವಳವೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕರಗುತ್ತದೆ ಎಂಬುದು ಇಷ್ಟು ವರ್ಷ ಪಾಠ ಹೇಳಿದ ನನಗೇ ಹೊಳೆಯದೆ ಹೋಯಿತಲ್ಲ! ಅಕ್ಕಸಾಲಿ ನೋಡಿ, "ಇದು ಇಟಲಿ ಹವಳ ಕಣಮ್ಮ, ಹೀಗೆ ಮಾಡಬಹುದಾ?" ಎಂದರು. ಆ ಸಂಕಟದಲ್ಲೇ ನಾನು ಹವಳದ ಚರಿತ್ರೆಯ ಬೆನ್ನು ಹತ್ತಿದ್ದು.

ಕೆಂಪು ಹವಳ ಕಲ್ಲಲ್ಲ, ಗಿಡವೂ ಅಲ್ಲ. ಮೆಡಿಟರೇನಿಯನ್ ಸಮುದ್ರದಡಿಯ ಬಂಡೆಗಳಿಗೆ ಅಂಟಿಕೊಂಡ ಪುಟ್ಟ ಜೀವಿಗಳು ಒಟ್ಟಾಗಿ ಕಟ್ಟುವ ಕವಲೊಡೆದ ಅಸ್ಥಿ ಅದು. ಅದರ ಕೊಂಬೆ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಕಡಲೆಕಾಳಿನ ಗಾತ್ರದ ಒಂದು ಮಣಿಗೆ ದಶಕಗಳ ಬೆಳವಣಿಗೆ ಬೇಕು. ನಾನು ಒಂದೇ ರಾತ್ರಿಯಲ್ಲಿ ಹಾಳುಮಾಡಿದ್ದು ಅದನ್ನು.

ನಮ್ಮವರಿಗೆ ಹವಳದ ಮೇಲಿನ ಆಸೆ ಇಂದಿನದಲ್ಲ. ರೋಮನ್ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ, ಭಾರತೀಯರಿಗೆ ಹವಳ ಅಷ್ಟೇ ಪ್ರಿಯ ಎಂಬರ್ಥದ ಮಾತನ್ನು ಕ್ರಿ.ಶ. ಮೊದಲ ಶತಮಾನದ ಪ್ಲಿನಿ ಬರೆದಿದ್ದಾನೆ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ, ವಿಜಯನಗರಕ್ಕೆ ಬರುತ್ತಿದ್ದ ಸರಕುಗಳಲ್ಲಿ ಹವಳದ ಮಣಿಗಳನ್ನೂ ಹೆಸರಿಸಿದ್ದಾನೆ. 18ನೇ ಶತಮಾನದಲ್ಲಿ ಇಟಲಿಯ ಲಿವೋರ್ನೋ ಬಂದರಿನ ಯಹೂದಿ ವರ್ತಕರು ಗೋವೆಗೆ ಹವಳ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು.

ನಾವು ಹವಳವನ್ನು ಮಣಿಯಾಗಿ ಪೋಣಿಸಿದೆವು. ಸಿಸಿಲಿ ದ್ವೀಪದ ತ್ರಪಾನಿ ಊರಿನವರು ಅದರಲ್ಲಿ ಶಿಲ್ಪವನ್ನೇ ಕಡೆದರು. ಅಲ್ಲಿ ಈ ಕಸುಬಿನಲ್ಲಿ ಯಹೂದಿಗಳೂ ಇದ್ದರು. 1492ರ ರಾಜಾಜ್ಞೆ ಅವರನ್ನು ದ್ವೀಪದಿಂದಲೇ ಹೊರಹಾಕಿತು. ಕಸುಬು ಮಾತ್ರ ಉಳಿಯಿತು. 1628ರಲ್ಲಿ ಹವಳದ ಕುಶಲಿಗರ ಸಂಘಕ್ಕೆ ನಿಯಮಾವಳಿ ಬಂತು. ಚಿನ್ನದ ಲೇಪವಿದ್ದ ತಾಮ್ರದ ತಗಡಿನಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದು, ಅಕ್ಕಿಕಾಳು, ಅಲ್ಪವಿರಾಮದಂಥ ಆಕಾರಕ್ಕೆ ಕಡೆದ ಹವಳದ ಚೂರುಗಳನ್ನು ಹಿಂದಿನಿಂದ ತೂರಿಸಿ, ರಾಳ, ಮೇಣ, ಬಟ್ಟೆಗಳಿಂದ ಭದ್ರಪಡಿಸುತ್ತಿದ್ದರು. ಮುಂದಿನಿಂದ ನೋಡಿದರೆ ಚಿನ್ನದ ಮೇಲೆ ಕೆಂಪು ಕಸೂತಿ ಹಾಕಿದಂತೆ. ಮತ್ತೇವೋ ಬಾವೇರಾ ಎಂಬ ಸನ್ಯಾಸಿ 1633ರಲ್ಲಿ ಮಾಡಿದ ತೂಗುದೀಪ ತ್ರಪಾನಿಯ ಪೆಪೋಲಿ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಅವನ ಹೆಸರೂ ಇದೆ.

ಮುಂದೆ ಈ ಕಲೆಯ ದೊಡ್ಡ ಕೇಂದ್ರವಾದದ್ದು ವೆಸೂವಿಯಸ್ ಬುಡದ ತೊರ್ರೆ ದೆಲ್ ಗ್ರೆಕೊ. 1794ರಲ್ಲಿ ಲಾವಾದಲ್ಲಿ ಹೂತುಹೋದ ಆ ಊರು ಮತ್ತೆ ಎದ್ದು ನಿಂತಿತು. 1805ರಲ್ಲಿ ಅಲ್ಲಿ ಹವಳದ ಮೊದಲ ಕಾರ್ಖಾನೆ, 1878ರಲ್ಲಿ ಕೆತ್ತನೆಯ ಶಾಲೆ ಶುರುವಾದವು. ಗಂಡಸರು ದೋಣಿಯೇರಿ ತಿಂಗಳುಗಟ್ಟಲೆ ಕಡಲಿನಲ್ಲಿರುತ್ತಿದ್ದರು. ಕೊಂಬೆಯನ್ನು ತುಂಡರಿಸುವುದು, ತೂತು ಕೊರೆಯುವುದು, ದುಂಡಗೆ ಮಾಡುವುದು, ಪೋಣಿಸುವುದು, ಇವೆಲ್ಲ ಬಹುಪಾಲು ಹೆಂಗಸರ ಪಾಲಿನ ಕೆಲಸ. ಸನ್ಯಾಸಿಯ ಹೆಸರು ದೀಪದ ಮೇಲೆ ಉಳಿಯಿತು. ಈ ಹೆಂಗಸರ ಹೆಸರು ಯಾವ ಮಣಿಯ ಮೇಲಿದೆ?

ಮರದ ಶಿಲುಬೆಗೆ ಬಲೆ ಕಟ್ಟಿ ಸಮುದ್ರದ ತಳವನ್ನೇ ಕೆರೆದು ಹವಳ ಎಳೆಯುವ ಹಳೆಯ ಪದ್ಧತಿಯನ್ನು ಯುರೋಪಿನ ಒಕ್ಕೂಟ 1994ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಬಂಡೆಗಳು ಬೋಳಾಗಿದ್ದವು.

ಅಕ್ಕಸಾಲಿ ಉಜ್ಜಿ ಮೆರುಗು ಕೊಟ್ಟ ಮೇಲೆ ಒಂಬತ್ತು ಹವಳಗಳಿಗೆ ಬಣ್ಣ ಮರಳಿತು. ಎರಡರ ಮೇಲೆ ಬಿಳಿಯ ಕಲೆ ಉಳಿದೇ ಹೋಯಿತು. ಅವನ್ನು ತೆಗೆದುಬಿಡೋಣವೆಂದರೆ ಮಗಳು ಒಪ್ಪಲಿಲ್ಲ. "ಇರಲಿ ಬಿಡಮ್ಮ, ಅಜ್ಜಿ ಹಾಕಿಕೊಂಡಿದ್ದಲ್ವಾ" ಎಂದಳು. ಕೊಕ್ಕೆಯ ಹತ್ತಿರ ಅವೆರಡನ್ನೂ ಸೇರಿಸಿ, ಹೊಸ ದಾರದಲ್ಲಿ ನಾನೇ ಪೋಣಿಸಿಕೊಟ್ಟೆ. ನಿಮ್ಮ ಮನೆಯಲ್ಲೂ ಹಳೆಯ ಹವಳವಿದ್ದರೆ ಹುಣಸೆಹುಳಿ, ನಿಂಬೆಹುಳಿ ತಾಗಿಸಬೇಡಿ. ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು.