ಗೇರುಸೊಪ್ಪೆಗೆ ಬಂದ ರೋಮಿನ ಯಾತ್ರಿಕ

ರೋಮಿನ ಕುಲೀನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ 1616ರಲ್ಲಿ ಬಾಗ್ದಾದಿನ ಕ್ರೈಸ್ತ ಕನ್ಯೆ ಮಾನಿಯನ್ನು ವರಿಸಿದನು. ದಂಪತಿಗಳು ಪರ್ಷಿಯಾ ದೇಶವನ್ನು ಸುತ್ತಿ, ಭಾರತದ ಹಡಗನ್ನೇರಲು ಕಡಲ ತಡಿಗೆ ಇಳಿದಿದ್ದಾಗ, 1621ರ ಕೊನೆಯಲ್ಲಿ, ಮಾನಿ ಜ್ವರಕ್ಕೆ ಬಲಿಯಾದಳು. ಪಿಯೆತ್ರೊ ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿರಿಸಿಕೊಂಡು, ಇಬ್ಬರೂ ಕೂಡಿ ಬರಬೇಕಿದ್ದ ನಾಡಿಗೆ ಬಂದನು.

1623ರ ಅಕ್ಟೋಬರಿನಲ್ಲಿ, ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಅವನು ಗೋವೆಯಿಂದ ಹೊನ್ನಾವರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಗುಂಟ ಗೇರುಸೊಪ್ಪೆಯನ್ನು ತಲುಪಿದನು. ನದಿಯ ಚೆಲುವಿಗೆ ಮನಸೋತು ಬಂದವನಿಗೆ ಕಂಡುದು ಹಾಳೂರು. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಆ ಜೈನ ರಾಜಧಾನಿಯಲ್ಲಿ ಅರಮನೆ ಕುಸಿದು ಮರಗಳು ಬೆಳೆದಿದ್ದವು; ಜನವಸತಿಯಾಗಿ ಕೆಲವು ಗುಡಿಸಲುಗಳಷ್ಟೇ ಉಳಿದಿದ್ದವು. ಚತುರ್ಮುಖ ಬಸದಿಯೊಂದು ಇಂದಿಗೂ ಆ ಕಾಡಿನಲ್ಲಿ ನಿಂತು ಗತವೈಭವಕ್ಕೆ ಸಾಕ್ಷಿ ಹೇಳುತ್ತಿದೆ.

ಘಟ್ಟದ ಮೇಲಣ ಗುಡಿಯೊಂದರಲ್ಲಿ ಮರಳಿನ ಮೇಲೆ ಬರೆಯುತ್ತ, ಒಕ್ಕೊರಲಿನಿಂದ ಹಾಡುತ್ತ ಲೆಕ್ಕ ಕಲಿಯುತ್ತಿದ್ದ ಬಾಲಕರನ್ನೂ, ಮತ್ತೆ ಕರಾವಳಿಗಿಳಿದಾಗ ಬರಿಗಾಲಿನಲ್ಲಿ ನಡೆದು ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಚೌಟ ಮನೆತನದ ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನೂ ಅವನು ಗೆಳೆಯನಿಗೆ ಬರೆದ ಪತ್ರಗಳಲ್ಲಿ ಚಿತ್ರಿಸಿದ್ದಾನೆ.

1626ರಲ್ಲಿ ಮಾನಿಯ ದೇಹದೊಡನೆ ಅವನು ರೋಮನ್ನು ಸೇರಿದನು. ಆಕೆ ಎಂದೂ ಕಾಣದಿದ್ದ ಗಂಡನ ಊರಿನಲ್ಲಿ, ಅವನ ಮನೆತನದ ಸಮಾಧಿಯಲ್ಲಿ, ಆಕೆಗೆ ನೆಲೆ ದೊರೆಯಿತು. ಗೇರುಸೊಪ್ಪೆಯ ಶಾಸನಗಳು ದಾನಧರ್ಮಗಳನ್ನು ಸಾರುತ್ತವೆ. ಆ ನಗರವು ಅಳಿದ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟವನು, ಅಳಿದವಳನ್ನು ಬಿಟ್ಟಿರಲಾರದ ಈ ಪರದೇಶಿ.