ಕೈಹೊತ್ತಗೆಯೂ ಬರೆಹದ ಹಲಗೆಯೂ

ಇ-ರೀಡರ್ ಎಂಬ ಓದುಫಲಕವನ್ನು ಕೊಳ್ಳಬೇಕೆಂದಿರುವ ವಿದ್ಯಾರ್ಥಿಗಳು ಈಚೆಗೆ ಕೇಳುತ್ತಿರುವ ಪ್ರಶ್ನೆಯೊಂದುಂಟು: ಜೇಬಿನಲ್ಲಿ ಅಡಗುವ ಆರು ಅಂಗುಲದ ಸಣ್ಣ ಫಲಕವು ಮೇಲೋ, ಲೇಖನಿಯಿಂದ ಟಿಪ್ಪಣಿ ಬರೆಯಲು ಬರುವ ಹತ್ತು ಅಂಗುಲದ ದೊಡ್ಡ ಫಲಕವು ಮೇಲೋ? ಎರಡನ್ನೂ ಕೊಳ್ಳುವ ಅನುಕೂಲವು ಎಲ್ಲರಿಗೂ ಇರುವುದಿಲ್ಲ. ಒಂದನ್ನು ಆರಿಸಿದ ಮೇಲೆ ಅದರೊಡನೆ ಕೆಲವು ವರ್ಷ ಬಾಳಬೇಕು. ಯಂತ್ರವು ಹೊಸದಾದುದರಿಂದ ಪ್ರಶ್ನೆಯೂ ಹೊಸದೆಂದು ತೋರುವುದು ಸಹಜವೇ. ಆದರೆ ಪುಸ್ತಕದ ಚರಿತ್ರೆಯನ್ನು ನೋಡಿದರೆ, ಓದುವ ಸಾಧನ ಮತ್ತು ಬರೆಯುವ ಸಾಧನಗಳ ನಡುವಣ ಈ ತೊಡಕು ಬಹಳ ಹಳೆಯದೆಂದು ತಿಳಿಯುತ್ತದೆ. ಆ ಚರಿತ್ರೆಯಿಂದ ನಮ್ಮ ಆಯ್ಕೆಗೆ ಏನಾದರೂ ಬೆಳಕು ದೊರೆಯುವುದೇ ಎಂದು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ನಾಡಿನ ಸಂಗತಿ. ನಮ್ಮ ಪೂರ್ವಿಕರು ಗ್ರಂಥಗಳನ್ನು ಬರೆದಿಡುತ್ತಿದ್ದುದು ಹೆಚ್ಚಾಗಿ ತಾಳೆಯೋಲೆಯ ಮೇಲೆ. ಓಲೆಯ ಅಗಲವನ್ನು ನಿರ್ಣಯಿಸುವವನು ಲಿಪಿಕಾರನಲ್ಲ, ಮರ. ಆದಕಾರಣ ಓಲೆಯ ಕಟ್ಟು ಅಗಲ ಕಿರಿದಾಗಿ, ಉದ್ದವಾಗಿ, ಕೈಯಲ್ಲಿ ಹಿಡಿದು ಓದಲು ತಕ್ಕುದಾಗಿತ್ತು. ಆದರೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರವನ್ನು ಹೊಡೆದುಹಾಕಬಹುದೇ ಹೊರತು ಅಳಿಸಲಾಗದು. ತಿದ್ದಿ ಬರೆಯುವ ಕೆಲಸಕ್ಕೆ ಹಲಗೆಬಳಪಗಳು ಬೇರೆಯಾಗಿಯೇ ಇದ್ದುವು. ಗದುಗಿನ ಕುಮಾರವ್ಯಾಸನು ತನ್ನ ಭಾರತದ ಪೀಠಿಕೆಯಲ್ಲಿ, ಹಲಗೆಬಳಪಗಳನ್ನು ಹಿಡಿಯದಿರುವುದನ್ನು ತನ್ನ ಹಿರಿಮೆಗಳಲ್ಲೊಂದಾಗಿ ಎಣಿಸಿದ್ದಾನೆ. ಅದು ಹಿರಿಮೆಯಾಗಬೇಕಾದರೆ ಉಳಿದ ಕವಿಗಳು ಅವನ್ನು ಹಿಡಿಯುತ್ತಿದ್ದರೆಂದೇ ಅರ್ಥವಷ್ಟೆ. ವರ್ತಕರೂ ಮಠಗಳವರೂ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ ಕಡತವೂ ಇದೇ ಜಾತಿಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತವಾಯಿತು. ಅದರ ಕರಿಯ ಮೈಮೇಲೆ ಬಳಪದಿಂದ ಬರೆಯಬಹುದು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರಗಳಾಗಿವೆ. ಆ ವಸ್ತು ಬಳಕೆಯಿಂದ ಮರೆಯಾದರೂ ಹೆಸರು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಅಂಟಿಕೊಂಡು ಉಳಿದಿದೆ. ಹೀಗೆ ಓದುವುದಕ್ಕೆ ಓಲೆ, ಅಳಿಸಿ ಬರೆಯುವುದಕ್ಕೆ ಹಲಗೆ ಅಥವಾ ಕಡತ ಎಂದು ನಮ್ಮವರಲ್ಲಿ ಕೆಲಸವು ಹಂಚಿಹೋಗಿತ್ತು.

ಯೂರೋಪಿನಲ್ಲಿ ಇದೇ ಭೇದವು ಪುಸ್ತಕದ ಗಾತ್ರದಲ್ಲಿ ಕಾಣಿಸಿಕೊಂಡಿತು. ಸುರುಳಿಗಳೇ ರೂಢಿಯಲ್ಲಿದ್ದ ಕ್ರಿ. ಶ. ಒಂದನೆಯ ಶತಮಾನದ ರೋಮಿನಲ್ಲಿ ಮಾರ್ಷಿಯಲ್ ಎಂಬ ಕವಿಯು, ತನ್ನ ಪದ್ಯಗಳನ್ನು ಪ್ರಯಾಣದಲ್ಲಿ ಒಯ್ಯಬಯಸುವವರು ಒಂದೇ ಕೈಯಲ್ಲಿ ಹಿಡಿಯಬಹುದಾದ ಚರ್ಮಪತ್ರದ ಪುಟ್ಟ ಪುಸ್ತಕವನ್ನು ಕೊಳ್ಳಲೆಂದು ಸೂಚಿಸಿದನು. ಮುದ್ರಣವು ಬಂದ ಬಳಿಕ ಪಂಡಿತರ ಗ್ರಂಥಗಳು ದೊಡ್ಡ ಹಾಳೆಗಳಲ್ಲಿ, ನಡುವೆ ಮೂಲ, ಸುತ್ತಲೂ ವ್ಯಾಖ್ಯಾನ ಎಂಬಂತೆ ಅಚ್ಚಾಗುತ್ತಿದ್ದುವು; ಅವನ್ನು ಮೇಜಿನ ಮೇಲಿಟ್ಟೇ ಓದಬೇಕಾಗಿತ್ತು. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸನು ೧೫೦೧ರಲ್ಲಿ ವರ್ಜಿಲನ ಕಾವ್ಯಗಳನ್ನು, ಒಂದು ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಎಲೆಗಳಾಗುವ ಸಣ್ಣ ಗಾತ್ರದಲ್ಲಿ ಹೊರತಂದನು. ಅದಕ್ಕಾಗಿ ಫ್ರಾನ್ಸೆಸ್ಕೊ ಗ್ರಿಫೊ ಎಂಬವನು ಓರೆಯಾದ ಹೊಸ ಅಚ್ಚಿನ ಅಕ್ಷರಗಳನ್ನು ಕೊರೆದನು. ಪುಸ್ತಕವು ಕೈಗೆ ಬಂದಿತು. ಆದರೆ ವ್ಯಾಖ್ಯಾನವು ಬಿಟ್ಟುಹೋಯಿತು. ಸಣ್ಣದಾಗುವುದಕ್ಕೆ ಪುಸ್ತಕವು ತೆತ್ತ ಬೆಲೆ ಇದು.

ಅಂಚಿನ ಬೆಲೆಯನ್ನು ತೋರಿಸುವ ಇನ್ನೊಂದು ಕಥೆ ಗಣಿತಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಫ್ರಾನ್ಸಿನ ಪಿಯರ್ ದ ಫರ್ಮಾ, ೧೬೨೧ರಲ್ಲಿ ಅಚ್ಚಾದ ಡಯೊಫ್ಯಾಂಟಸನ ಗಣಿತಗ್ರಂಥವನ್ನು ಓದುತ್ತ, ಸುಮಾರು ೧೬೩೭ರಲ್ಲಿ, ಅದರ ಅಂಚಿನಲ್ಲಿ ಒಂದು ಸಿದ್ಧಾಂತವನ್ನು ಬರೆದು, ಅದರ ಸಾಧನೆಗೆ ಅಂಚು ಸಾಲದೆಂದು ಬಿಟ್ಟನು. ಆ ಪ್ರತಿ ಕಳೆದುಹೋಗಿದೆ. ಆತನ ಮಗನು ತಂದೆಯ ಟಿಪ್ಪಣಿಗಳನ್ನು ೧೬೭೦ರಲ್ಲಿ ಅಚ್ಚುಹಾಕಿಸದಿದ್ದರೆ ಆ ಮಾತು ನಮಗೆ ತಿಳಿಯುತ್ತಲೇ ಇರಲಿಲ್ಲ. ಆ ಸಿದ್ಧಾಂತವು ೧೯೯೪ರಲ್ಲಿ ಆಂಡ್ರೂ ವೈಲ್ಸರಿಂದ ಸಾಧಿತವಾಯಿತು.

ಇನ್ನು ಯಂತ್ರಕ್ಕೆ ಬರೋಣ. ಇ-ರೀಡರಿನ ಪರದೆಯಲ್ಲಿ ಕೂದಲೆಳೆಯ ದಪ್ಪದ ಅಸಂಖ್ಯ ಕೋಶಗಳಿವೆ; ಅವುಗಳೊಳಗಣ ಕರಿಯ ಬಿಳಿಯ ಕಣಗಳು ವಿದ್ಯುತ್ತಿನ ಸೆಳೆತದಿಂದ ಮೇಲೆ ಕೆಳಗೆ ಸರಿದು ಅಕ್ಷರಗಳಾಗುತ್ತವೆ. ಈ ಪರದೆಯನ್ನು ರೂಢಿಗೆ ತಂದ ಇ ಇಂಕ್ ಸಂಸ್ಥೆ ಅಮೆರಿಕದಲ್ಲಿ ೧೯೯೭ರಲ್ಲಿ ಹುಟ್ಟಿತು. ಸೋನಿಯವರ ಲಿಬ್ರಿಯೆ ೨೦೦೪ರಲ್ಲಿ ಜಪಾನಿನಲ್ಲಿಯೂ, ಅಮೆಜಾನಿನವರ ಕಿಂಡಲ್ ೨೦೦೭ರಲ್ಲಿ ಅಮೆರಿಕದಲ್ಲಿಯೂ ಬಂದುವು. ಎರಡೂ ಆರು ಅಂಗುಲದವು. ೨೦೦೯ರಲ್ಲಿ ೯.೭ ಅಂಗುಲದ ಕಿಂಡಲ್ ಡಿಎಕ್ಸ್ ಪಠ್ಯಪುಸ್ತಕಗಳಿಗೆ ತಕ್ಕುದೆಂಬ ಭರವಸೆಯೊಡನೆ ಬಂದಿತು. ಪ್ರಿನ್ಸ್‌ಟನ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪರೀಕ್ಷಿಸಿದಾಗ, ಗೆರೆ ಎಳೆಯುವುದೂ ಟಿಪ್ಪಣಿ ಬರೆಯುವುದೂ ಕಷ್ಟವೆಂದು ವಿದ್ಯಾರ್ಥಿಗಳು ದೂರಿದರು. ಪುಟವು ದೊಡ್ಡದಾಗಿತ್ತು, ಆದರೆ ಅದರ ಮೇಲೆ ಬರೆಯಲು ಲೇಖನಿ ಇರಲಿಲ್ಲ. ೨೦೧೭ರಲ್ಲಿ ನಾರ್ವೆಯ ರಿಮಾರ್ಕಬಲ್ ೧೦.೩ ಅಂಗುಲದ ಪರದೆಯನ್ನೂ ಲೇಖನಿಯನ್ನೂ ಕೂಡಿಸಿತು. ೨೦೨೨ರಲ್ಲಿ ಬಂದ ಕಿಂಡಲ್ ಸ್ಕ್ರೈಬ್ ೧೦.೨ ಅಂಗುಲದ್ದು, ತೂಕ ೪೩೩ ಗ್ರಾಂ. ಅದೇ ವರ್ಷದ ಆರು ಅಂಗುಲದ ಕಿಂಡಲ್ ೧೫೮ ಗ್ರಾಂ. ಅಕ್ಷರದ ನಯದಲ್ಲಿ ಎರಡೂ ಸಮ: ಅಂಗುಲಕ್ಕೆ ೩೦೦ ಬಿಂದುಗಳು.

ಹೀಗಿರಲು ಆರಿಸುವುದು ಹೇಗೆ? ಕಾದಂಬರಿಯಂತಹ ಇ-ಪುಸ್ತಕದಲ್ಲಿ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಅಲ್ಲಿ ಸಣ್ಣ ಫಲಕದಿಂದ ಕೊರತೆಯಿಲ್ಲ, ಹಗುರವಾಗಿರುವುದೇ ಲಾಭ. ಆದರೆ ಚರಿತ್ರೆಯ ಅಭ್ಯಾಸಿಗೆ ಬೇಕಾದುದು ೧೮೮೬ರಿಂದ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದಂತಹ ದೊಡ್ಡ ಸಂಪುಟಗಳು. ಅವು ಪಿಡಿಎಫ್ ರೂಪದಲ್ಲಿ ದೊರೆತಾಗ ಪುಟವೆಂಬುದು ಬರಿಯ ಚಿತ್ರ. ಆರು ಅಂಗುಲಕ್ಕೆ ಅದನ್ನು ಕುಗ್ಗಿಸಿದರೆ ಕನ್ನಡದ ಒತ್ತಕ್ಷರಗಳು ಕಣ್ಣಿಗೆ ಹತ್ತವು. ಹಿಗ್ಗಿಸಿದರೆ ಪ್ರತಿ ಸಾಲನ್ನೂ ಅತ್ತಿತ್ತ ಸರಿಸುತ್ತಿರಬೇಕು. ಇಂತಹವರಿಗೆ ದೊಡ್ಡದೇ ಬೇಕು. ಉಳಿದವರು ಒಂದು ಸುಲಭ ಪರೀಕ್ಷೆಯನ್ನು ಮಾಡಿಕೊಳ್ಳಬಹುದು. ಈಚೆಗೆ ತಾವು ಓದಿದ ಹತ್ತು ಸ್ವಂತ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಅಂಚುಗಳನ್ನು ನೋಡಲಿ. ಅಲ್ಲಿ ಪೆನ್ಸಿಲಿನ ಗುರುತುಗಳಿದ್ದರೆ ದೊಡ್ಡ ಫಲಕವು ಸಾರ್ಥಕ. ಅಂಚು ಬರಿದಾಗಿದ್ದರೆ ಲೇಖನಿಯನ್ನು ಕೊಂಡಮಾತ್ರದಿಂದ ಬರೆಯುವ ಅಭ್ಯಾಸವು ಬಾರದು. ಜೊತೆಯಲ್ಲಿ ಒಯ್ಯಲಾಗದ ಭಾರವೊಂದು ಮೇಜಿನ ಮೇಲೆ ಉಳಿಯುವುದು. ಗಾತ್ರವನ್ನು ನಿರ್ಣಯಿಸಬೇಕಾದುದು ಓದುವಾಗ ಕೈ ಮಾಡುವ ಕೆಲಸವೇ ಹೊರತು ಅಂಗಡಿಯವರ ವರ್ಣನೆಯಲ್ಲ.

ದೊಡ್ಡದನ್ನು ಆರಿಸಿದವರಿಗೆ ಒಂದು ಮಾತು. ಕಡತದ ಬರೆಹವನ್ನು ಅಳಿಸುವುದು ಎಷ್ಟು ಸುಲಭವೋ ಯಂತ್ರದೊಳಗಣ ಟಿಪ್ಪಣಿಯು ನಷ್ಟವಾಗುವುದೂ ಅಷ್ಟೇ ಸುಲಭ. ಫರ್ಮಾನ ಅಂಚಿನ ಮಾತು ಉಳಿದುದು ಪುಸ್ತಕದ ಗಾತ್ರದಿಂದಲ್ಲ, ಮಗನ ಎಚ್ಚರದಿಂದ. ಓದುತ್ತ ಬರೆದ ಟಿಪ್ಪಣಿಗಳಲ್ಲಿ ಬೆಲೆಯುಳ್ಳವನ್ನು ತಿಂಗಳಿಗೊಮ್ಮೆಯಾದರೂ ಬೇರೆಡೆಗೆ ನಕಲುಮಾಡಿಡುವುದು ಒಳ್ಳೆಯದು. ಅದನ್ನು ನಮಗಾಗಿ ಮಾಡುವ ಮಗನು ಎಲ್ಲರಿಗೂ ಇರಲಾರನು.