ಸಾಂಕೇತಿಕ ತರ್ಕದ ಮೊದಲ ಪಾಠಗಳು

ಅರಿಸ್ಟಾಟಲನ ತರುವಾಯ ತರ್ಕಶಾಸ್ತ್ರವು ಒಂದು ಹೆಜ್ಜೆಯನ್ನೂ ಮುಂದಿಟ್ಟಿಲ್ಲ, ಅದು ಆಗಲೇ ಪೂರ್ಣವಾದಂತೆ ತೋರುತ್ತದೆ ಎಂದು ಜರ್ಮನ್ ತತ್ತ್ವಜ್ಞ ಕಾಂಟನು 1787ರಲ್ಲಿ ಬರೆದನು. ಮನುಷ್ಯರೆಲ್ಲರೂ ಪ್ರಾಣಿಗಳಾದುದರಿಂದ ಮನುಷ್ಯನ ತಲೆಯೂ ಪ್ರಾಣಿಯ ತಲೆಯೇ ಎಂಬುದು ಮಗುವಿಗೂ ಒಪ್ಪಿಗೆಯಾಗುವ ಮಾತು. ಆದರೆ ಶತಮಾನಗಳಿಂದ ಶಿಷ್ಯಪರಂಪರೆ ಕಂಠಪಾಠ ಮಾಡುತ್ತ ಬಂದಿದ್ದ ಹಳೆಯ ತರ್ಕದ ಯಾವ ರೂಪಕ್ಕೂ ಇಷ್ಟು ಸರಳವಾದ ಅನುಮಾನವು ಒಗ್ಗದೆಂಬ ಕೊರತೆಯನ್ನು ಎತ್ತಿ ತೋರಿಸಿದವನು, ಮಧುರೆಯಲ್ಲಿ 1806ರಲ್ಲಿ ಜನಿಸಿ ಲಂಡನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾದ ಆಗಸ್ಟಸ್ ಡಿ ಮಾರ್ಗನ್. ಅವನ ತರ್ಕಗ್ರಂಥ ಹೊರಬಂದ 1847ರಲ್ಲಿಯೇ, ಲಿಂಕನ್ ಪಟ್ಟಣದ ಚಮ್ಮಾರನೊಬ್ಬನ ಮಗನಾಗಿ ಬಹುಮಟ್ಟಿಗೆ ಸ್ವಾಧ್ಯಾಯದಿಂದಲೇ ಗಣಿತವನ್ನು ಕಲಿತ ಜಾರ್ಜ್ ಬೂಲನು ತರ್ಕವನ್ನು ಬೀಜಗಣಿತದ ಸಮೀಕರಣಗಳಾಗಿ ಬರೆದು ತೋರಿಸಿದನು.

ಆದರೂ 'ಎಲ್ಲ', 'ಕೆಲವು' ಎಂಬ ಪದಗಳ ಗುಟ್ಟನ್ನೂ ವಸ್ತುವಸ್ತುಗಳ ಸಂಬಂಧವನ್ನೂ ಒಂದೇ ಲಿಪಿಯಲ್ಲಿ ಹಿಡಿದಿಡಲು ಯೇನಾ ವಿಶ್ವವಿದ್ಯಾನಿಲಯದ ಗಾಟ್ಲಾಬ್ ಫ್ರೇಗೆ ಬರಬೇಕಾಯಿತು. 1879ರ ಅವನ ಕಿರುಗ್ರಂಥವನ್ನು ಸಮಕಾಲೀನರು ಆದರಿಸಲಿಲ್ಲ. ಅಡ್ಡಗೆರೆ ಲಂಬಗೆರೆಗಳು ಕವಲೊಡೆದು ಪುಟದ ತುಂಬ ಹಬ್ಬುವ ಆ ಲಿಪಿಯು ಓದುಗರನ್ನು ಹಿಮ್ಮೆಟ್ಟಿಸಿದುದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಪ್ರಸಿದ್ಧ ದಾರ್ಶನಿಕನಾದ ರುಡಾಲ್ಫ್ ಕಾರ್ನಾಪ್ ಅವನ ವಿದ್ಯಾರ್ಥಿಯಾಗಿದ್ದವನು. 1913ರ ಬೇಸಿಗೆಯ ತರಗತಿಯಲ್ಲಿದ್ದವರು ತಾನು, ತನ್ನ ಗೆಳೆಯ ಮತ್ತು ಸೇನೆಯಿಂದ ನಿವೃತ್ತನಾದ ಒಬ್ಬ ಮೇಜರ್, ಹೀಗೆ ಮೂವರೇ ಎಂದೂ, ಗುರುವು ಶ್ರೋತೃಗಳತ್ತ ಅಪರೂಪವಾಗಿ ನೋಡುತ್ತ, ಸಾಮಾನ್ಯವಾಗಿ ಅವರಿಗೆ ಬೆನ್ನು ಮಾಡಿ ಕರಿಹಲಗೆಯ ಮೇಲೆ ಆ ಚಿತ್ರಗಳನ್ನು ಬರೆಯುತ್ತಿದ್ದನೆಂದೂ ಅವನು ನೆನೆದಿದ್ದಾನೆ. ಇಂದು ಪ್ರಾರಂಭಿಕ ಪಾಠವೆನಿಸಿರುವ ವಿದ್ಯೆಯನ್ನು ಅದರ ಪ್ರವರ್ತಕನು ಮೂವರ ಮುಂದೆ ಬೋಧಿಸಬೇಕಾಯಿತೆಂಬುದು ಮನಸ್ಸನ್ನು ಕಲಕುವ ಸಂಗತಿ.

ಅದೇ ವರ್ಷ ರಸೆಲ್ ಮತ್ತು ವೈಟ್‌ಹೆಡ್ ಗಣಿತವನ್ನು ತರ್ಕದ ತಳಹದಿಯ ಮೇಲೆ ಕಟ್ಟುವ ತಮ್ಮ ಮಹಾಗ್ರಂಥದ ಮೂರನೆಯ ಸಂಪುಟವನ್ನು ಹೊರತಂದರು. ಆದರೆ ಒಂದಕ್ಕೆ ಒಂದು ಸೇರಿದರೆ ಎರಡೆಂಬ ಮಾತಿಗೆ ಹತ್ತಿರವಾಗಲು ಮೊದಲ ಸಂಪುಟದಲ್ಲಿಯೇ ಮುನ್ನೂರಕ್ಕೂ ಹೆಚ್ಚು ಪುಟಗಳನ್ನು ಬೇಡುವ ಕೃತಿಯು ಕಾಲೇಜಿನ ಪಠ್ಯವಾಗುವಂತಿರಲಿಲ್ಲ. 1921ರಲ್ಲಿ ವಿಟ್ಗೆನ್‌ಸ್ಟೈನ್ ಮತ್ತು ಎಮಿಲ್ ಪೋಸ್ಟ್ ಬೇರೆ ಬೇರೆಯಾಗಿ ಪ್ರಕಟಿಸಿದ ಸತ್ಯತಾ ಕೋಷ್ಟಕವು ದಾರಿಯನ್ನು ಸುಗಮಗೊಳಿಸಿತು. ವಾಕ್ಯಗಳು ನಿಜವೋ ಸುಳ್ಳೋ ಆಗಬಹುದಾದ ಒಂದೊಂದು ಬಗೆಗೂ ಅದರಲ್ಲಿ ಒಂದೊಂದು ಸಾಲು: ಎರಡು ವಾಕ್ಯಗಳಿಗೆ ನಾಲ್ಕು ಸಾಲು, ಮೂರಕ್ಕೆ ಎಂಟು. 'ಮಳೆ ಬಂದರೆ ನೆಲ ನೆನೆಯುತ್ತದೆ' ಎಂಬುದು ಮಳೆ ಬಂದೂ ನೆಲ ನೆನೆಯದ ಒಂದು ಸಾಲಿನಲ್ಲಿ ಮಾತ್ರ ಸುಳ್ಳು, ಉಳಿದ ಮೂರರಲ್ಲಿ ನಿಜ. ಮಳೆಯೇ ಬಾರದಾಗ ಆ ಮಾತು ನಿಜವಾಗುವುದೆಂತೆಂಬ ಸಂಶಯ ಹೊಸ ವಿದ್ಯಾರ್ಥಿಯನ್ನು ಕಾಡುವುದು ಸಹಜ, ಮತ್ತು ಆ ಸಂಶಯವನ್ನು ಅವಸರದಿಂದ ಅಡಗಿಸದ ಅಧ್ಯಾಪಕನೇ ಉತ್ತಮನೆಂದು ನನ್ನ ಮತ.

ಈ ಕೋಷ್ಟಕಕ್ಕಿಂತ ಮಹತ್ತರವಾದುದು 1934ರಲ್ಲಿ ಜರ್ಮನಿಯ ಗೆಂಟ್ಸೆನ್ನನೂ ಪೋಲೆಂಡಿನ ಯಾಶ್ಕೋವ್‌ಸ್ಕಿಯೂ ಪರಸ್ಪರರನ್ನು ಅವಲಂಬಿಸದೆ ಪ್ರಕಟಿಸಿದ ಸಹಜ ನಿಗಮನ ಪದ್ಧತಿ. ಗಣಿತಜ್ಞನು ವಾದಿಸುವ ಬಗೆಯನ್ನೇ ಅದು ಅನುಸರಿಸಿತು: ಮೊದಲು ಒಂದನ್ನು ಊಹಿಸಿಕೊಳ್ಳುವುದು, ಅದರಿಂದ ಫಲಿಸುವುದನ್ನು ಕ್ರಮವಾಗಿ ಬರೆಯುವುದು, ಅನಂತರ ಊಹೆಯ ಋಣವನ್ನು ತೀರಿಸಿ 'ಅದಾದರೆ ಇದು' ಎಂದು ನಿರ್ಧರಿಸುವುದು. ಅಮೆರಿಕದ ಫಿಚ್ಚನು 1952ರ ಪಠ್ಯದಲ್ಲಿ ಊಹೆಯ ಅಧೀನದಲ್ಲಿರುವ ಸಾಲುಗಳನ್ನೆಲ್ಲ ಒಳಕ್ಕೆ ಸರಿಸಿ ಪಕ್ಕದಲ್ಲಿ ಲಂಬವಾದ ಗೆರೆಯೆಳೆದನು. ಮರುವರ್ಷ ಪ್ರಕಟವಾದ ಅರ್ವಿಂಗ್ ಕೋಪಿಯ ಪುಸ್ತಕವು ಭಾರತದ ಕಾಲೇಜುಗಳನ್ನೂ ಹೊಕ್ಕು, ಒಂಬತ್ತು ಅನುಮಾನ ನಿಯಮಗಳನ್ನೂ ಹತ್ತು ಪರ್ಯಾಯ ನಿಯಮಗಳನ್ನೂ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸಿತು.